ಗೋಡೆಯಾಚೆಯ ಮೂರು ಕೂಗು

ದೊಡ್ಡಿಯಕ್ಕನ ಎಡಗೈಯ ಮೇಲೆ ಹದಿನೇಳು ಕಚ್ಚುಗಾಯಗಳ ಗುರುತಿದ್ದವು. ಒಂದೊಂದರ ಚರಿತ್ರೆಯನ್ನೂ ಅವಳು ಬಲ್ಲಳು. ಮೊಣಕೈಯ ಬಳಿಯ ಎರಡು ಕುಳಿಗಳು ಕಸಾಯಿಖಾನೆಯ ಹಿಂದೆ ಬೆಳೆದ ಕರಿನಾಯಿಯವು. ಮಣಿಕಟ್ಟಿನ ಬಿಳಿಯ ಗೆರೆ ಮರಿಗಳನ್ನು ಮುಟ್ಟಗೊಡದ ಬೆಕ್ಕಿನದು. ಹೆಬ್ಬೆರಳಿನ ಬುಡದ ಮಾಂಸವನ್ನು ಕಿತ್ತುಕೊಂಡು ಹೋದದ್ದು ಒಂದು ಕತ್ತೆ. ಕಚ್ಚಿದ ಯಾವ ಜೀವದ ಮೇಲೂ ಅವಳಿಗೆ ಸಿಟ್ಟಿರಲಿಲ್ಲ. "ಮಾತು ಬರದವು, ಹಲ್ಲಲ್ಲೇ ಮಾತಾಡ್ತವೆ" ಎಂದು ನಕ್ಕು ಗಾಯಕ್ಕೆ ಸೋಪು ಹಾಕಿ ತಿಕ್ಕುತ್ತಿದ್ದಳು.

ಪುರಸಭೆಯ ದೊಡ್ಡಿ ಊರಂಚಿನ ನೀರಿನ ತೊಟ್ಟಿಯ ಹಿಂದೆ ಇತ್ತು. ಬೀದಿಗೆ ಮುಖಮಾಡಿ ಒಂದು ಕಚೇರಿ ಕೋಣೆ; ಅದರ ಬೆನ್ನಿಗೆ ಆಳೆತ್ತರವನ್ನು ಮೀರಿದ ಇಟ್ಟಿಗೆಯ ಗೋಡೆ; ಗೋಡೆಯ ನಡುವೆ ಒಂದು ಮರದ ಬಾಗಿಲು; ಬಾಗಿಲಿನಾಚೆ ದನಗಳ ಅಂಗಳ; ಅಂಗಳದ ಕೊನೆಯಲ್ಲಿ ನಾಯಿಗಳಿಗೆ ಹನ್ನೆರಡು ಕಬ್ಬಿಣದ ಗೂಡು. ದಾರಿ ತಪ್ಪಿದವು, ಬೀದಿಯಲ್ಲೇ ಹುಟ್ಟಿದವು, ಕಳೆದುಹೋದವು, ಬೇಕೆಂದೇ ಕಳೆದುಹಾಕಿದವು, ಎಲ್ಲವೂ ಇಲ್ಲಿಗೇ ಬಂದು ಸೇರುತ್ತಿದ್ದವು. ಹತ್ತು ದಿನ ಇಟ್ಟುಕೊಳ್ಳಬೇಕು. ಒಡೆಯರು ಬಂದು ತಮ್ಮದೆಂದು ತೋರಿಸಿಕೊಟ್ಟರೆ ಒಪ್ಪಿಸಬೇಕು. ಇಲ್ಲವಾದರೆ ದನ ಹರಾಜಿಗೆ, ನಾಯಿ ಪಶುವೈದ್ಯೆಯ ಸೂಜಿಗೆ. ಈ ಕಾನೂನನ್ನು ನಡೆಸುವುದೇ ಹದಿನೆಂಟು ವರ್ಷಗಳಿಂದ ಅವಳ ಬದುಕಾಗಿತ್ತು.

ಅವಳಿಗಿಂತ ಮೊದಲು ಆ ಕೆಲಸದಲ್ಲಿದ್ದವನು ಅವಳ ಗಂಡ. ಹಿಡಿದು ತಂದ ಹೋರಿಯೊಂದು ಅವನನ್ನು ಗೇಟಿಗೆ ಒತ್ತಿ, ಪಕ್ಕೆಯೊಳಗೆ ಕೊಂಬನ್ನಿಳಿಸಿ, ಬೀಗದಲ್ಲಿ ಕೀಲಿ ತಿರುವಿದಂತೆ ತಿರುವಿತ್ತು. ನೆತ್ತರು ಇನ್ನೂ ನೆಲದ ಮೇಲಿರುವಾಗಲೇ ಹೋರಿಯ ಒಡೆಯ ಬಂದು, "ನಮ್ಮದು ಮಗೂನೂ ಹಾಯಲ್ಲ, ಅಷ್ಟು ಸಾಧು" ಎಂದು ಹೇಳಿ ಹೊಡೆದುಕೊಂಡು ಹೋದನು. ಅಂದಿಗೆ ಒಡೆಯರ ಬಾಯಿಮಾತಿನ ಮೇಲೆ ಅವಳಿಗಿದ್ದ ನಂಬಿಕೆ ಸತ್ತುಹೋಯಿತು. ಗಂಡನ ಕೆಲಸ ಅವಳಿಗೆ ಬಂದಿತು. ಅವನ ತಮ್ಮನು ಹಿಡಿಯುವ ಕೆಲಸಕ್ಕೆ ಜೊತೆಯಾದನು.

ಮೊದಲ ವರ್ಷದಲ್ಲಿಯೇ ಒಂದು ಹಾಲಿನ ಎಮ್ಮೆಗಾಗಿ ಅಣ್ಣತಮ್ಮಂದಿರಿಬ್ಬರು ಕಚೇರಿಯ ಮುಂದೆ ಕುಡುಗೋಲು ಹಿಡಿದರು. ಅಣ್ಣನ ಕಿವಿ ಹರಿದು ಕೆನ್ನೆಯ ಮೇಲೆ ಜೋತುಬಿತ್ತು. ತಮ್ಮನ ಮೂರು ಹಲ್ಲು ಮಣ್ಣುಪಾಲಾದವು. ಬಿಡಿಸಲು ಹೋದವರೂ ಪೆಟ್ಟು ತಿಂದು ಹಿಂದೆ ಸರಿದಾಗ ದೊಡ್ಡಿಯಕ್ಕ ಸಗಣಿ ತೊಳೆದ ನೀರಿನ ಬಕೆಟ್ಟನ್ನು ಎತ್ತಿ ಇಬ್ಬರ ತಲೆಯ ಮೇಲೂ ಸುರಿದಳು.

"ಸಾಕು, ನಿಲ್ಲಿಸಿ! ಎಮ್ಮೆಗಿರೋ ಬುದ್ಧಿ ನಿಮಗಿಲ್ಲ. ಗೋಡೆಯಿಂದೀಚೆ ನಿಂತು ಒಬ್ಬೊಬ್ಬರೇ ಮೂರು ಸಲ ಕೂಗಿ. ಯಾರ ಕೂಗಿಗೆ ಬರುತ್ತೋ ಅವರದು."

ಅಣ್ಣನು ಕೂಗಿದನು, ಎಮ್ಮೆ ಮೆಲುಕು ಹಾಕುತ್ತ ನಿಂತಿತು. ತಮ್ಮನು ಮುರಿದ ಹಲ್ಲಿನಲ್ಲಿಯೇ ಕೂಗಿದನು. ಎರಡನೆಯ ಕೂಗಿಗೆ ಅದು ಅಂಗಳವನ್ನು ದಾಟಿ ಬಂದು ಬಾಗಿಲಿಗೆ ಮೂತಿಯಿಟ್ಟಿತು. ಅಣ್ಣನೂ ತಲೆತಗ್ಗಿಸಿ ಹೊರಟುಹೋದನು.

ಅಂದಿನಿಂದ ಅದು ದೊಡ್ಡಿಯ ಶಾಸನವಾಯಿತು. ಕೇಳಲು ಬಂದವನು ಗೋಡೆಯಿಂದೀಚೆ ನಿಲ್ಲಬೇಕು. ಅವನು ಮೇವಿನ ಡಬ್ಬಿಯನ್ನೋ ಬಿಸ್ಕತ್ತಿನ ಪೊಟ್ಟಣವನ್ನೋ ಅಲ್ಲಾಡಿಸದಂತೆ ದೊಡ್ಡಿಯಕ್ಕ ಅವನ ಕೈಯನ್ನೂ ಬಾಯನ್ನೂ ಕಾಯುವಳು. ಗೋಡೆಯಿಂದಾಚೆ ಮೈದುನನು ಪ್ರಾಣಿಯನ್ನು ಬಿಟ್ಟು ನೋಡುತ್ತಿದ್ದು, "ಬಂತು" ಎಂದೋ "ಬರಲಿಲ್ಲ" ಎಂದೋ ಕೂಗಿ ಹೇಳುವನು. ಅದೇ ತೀರ್ಪು, ಅವಳು ಪುಸ್ತಕದಲ್ಲಿ ಬರೆದರೆ ಮುಗಿಯಿತು. ಪುರಸಭೆಯ ಸಾಹೇಬರು ಮೆಚ್ಚಿ ಅದನ್ನು ಆದೇಶವಾಗಿ ಬರೆಸಿ ಗೋಡೆಗೆ ಹಾಕಿಸಿದರು. ಎಮ್ಮೆಯಿಂದ ಕಲಿತದ್ದನ್ನು ಅವಳು ಆಡಿಗೆ ಹಚ್ಚಿದಳು, ಕತ್ತೆಗೆ ಹಚ್ಚಿದಳು, ಕೊನೆಗೆ ನಾಯಿಗೂ ಹಚ್ಚಿದಳು. ದೇವರು ಸೃಷ್ಟಿಸಿದ ಪ್ರಾಣಿಗೆ ಸುಳ್ಳು ತಿಳಿಯದು ಎಂಬುದು ಅವಳ ದೃಢವಾದ ನಂಬಿಕೆ. ಆ ನಂಬಿಕೆಯಲ್ಲಿ ತಪ್ಪಿರಲಿಲ್ಲ. ಪ್ರಾಣಿ ನುಡಿದ ಸತ್ಯ ಯಾವುದೆಂಬುದನ್ನು ಮಾತ್ರ ಅವಳು ಗೋಡೆಯಿಂದೀಚೆ ನಿಂತು ಒಮ್ಮೆಯೂ ಕಣ್ಣಾರೆ ಕಂಡಿರಲಿಲ್ಲ.

ಹೀಗಿರುತ್ತ ಒಂದು ಬೇಸಿಗೆಯಲ್ಲಿ ಕಂದುನಾಯಿಯೊಂದು ಬಂದಿತು. ಮೈದುನನು ಅದನ್ನು ತರಕಾರಿ ಮಾರುಕಟ್ಟೆಯ ಚರಂಡಿಯಿಂದ ಕುಣಿಕೆಕೋಲು ಹಾಕಿ ಎಳೆದು ತಂದಿದ್ದನು. ಕುಣಿಕೆಕೋಲೆಂದರೆ ಆಳುದ್ದದ ಟೊಳ್ಳು ಕೊಳವೆ. ಒಳಗೆ ಹಾಯ್ದ ಉಕ್ಕಿನ ಹಗ್ಗ ಮುಂತುದಿಯಲ್ಲಿ ಉಂಗುರವಾಗಿರುತ್ತದೆ. ಹಿಂತುದಿಯನ್ನು ಜಗ್ಗಿದರೆ ಉಂಗುರ ಕೊರಳಿಗೆ ಬಿಗಿಯುತ್ತದೆ. ನಾಯಿಯ ಒಂದು ಕಿವಿ ಸೀಳಿತ್ತು. ಬೆನ್ನ ಮೇಲೆ ಕೂದಲಿಲ್ಲದ ಪಟ್ಟೆಗಳಿದ್ದವು. ಬೀದಿಯ ಜಗಳದಲ್ಲಾದ ಗಾಯವೆಂದು ಇಬ್ಬರೂ ಬಗೆದರು. ಮೂರನೆಯ ದಿನ ಗುಜರಿ ಅಂಗಡಿಯವನು ಬಂದನು. ಅಗಲ ಮೈ, ನಗುಮುಖ, ಉಗುರಿನ ಸಂದಿಯಲ್ಲೆಲ್ಲ ಕಬ್ಬಿಣದ ತುಕ್ಕು.

"ಅಕ್ಕಾ, ನನ್ನ ಅಂಗಡಿ ಕಾಯೋ ನಾಯಿ. ಅದಿಲ್ದೆ ಊಟ ಸೇರ್ತಿಲ್ಲ."

"ಊಟ ಸೇರದ ಹೊಟ್ಟೆ ಕಾಣಿಸ್ತಿದೆ ಬಿಡಪ್ಪ. ಕೂಗು."

ಅವನು ಒಮ್ಮೆ ಕೂಗಿದನು. ಗೋಡೆಯಾಚೆಯಿಂದ ಮೈದುನನ ದನಿ ಬಂದಿತು: "ಬಂತು!"

ಒಂದೇ ಕೂಗಿಗೆ ಬಂದ ನಾಯಿ ಅಪರೂಪ. ದೊಡ್ಡಿಯಕ್ಕ ಮೆಚ್ಚಿಕೊಂಡೇ ಬರೆದು ಕೊಟ್ಟಳು. ಅವನು ಹೋದ ಮೇಲೆ ಮೈದುನನು ನೆಲಕ್ಕೆ ನೀರು ಹಾಕುತ್ತ, "ಅತ್ತಿಗೆ, ಬರ್ತಾ ದಾರಿಯುದ್ದಕ್ಕೂ ಉಚ್ಚೆ ಹೊಯ್ಕೊಂಡು ಬಂತು" ಎಂದನು.

"ಖುಷಿಗೆ ಕಣೋ. ನಿಮ್ಮಣ್ಣ ಊರಿಂದ ಬಂದಾಗ ನೀನೂ ಹಾಗೇ ಮಾಡ್ತಿದ್ದೆಯಂತೆ. ನಿಮ್ಮಮ್ಮ ಹೇಳಿದ್ರು."

ಇಪ್ಪತ್ತು ದಿನಗಳ ನಂತರ ಅದೇ ನಾಯಿ ಮತ್ತೆ ಬಂದಿತು. ಗುಜರಿಯವನ ಅಂಗೈಯನ್ನು ಸೀಳಿ, ಸರಪಳಿಯನ್ನು ಹರಿದುಕೊಂಡು, ಸೇತುವೆಯ ಕೆಳಗೆ ಅಡಗಿತ್ತು. ಹಿಡಿಯಹೋದ ಮೈದುನನ ತೊಡೆಗೆ ಬಾಯಿ ಹಾಕಿ ಎಲುಬು ಸಿಕ್ಕುವವರೆಗೂ ಬಿಡಲಿಲ್ಲ. ಹನ್ನೊಂದು ಹೊಲಿಗೆ ಬಿದ್ದವು. ಗೂಡಿಗೆ ಹಾಕಿದ ಮೇಲೆ ಪಶುವೈದ್ಯೆ ಬಂದು ಮದ್ದು ಕೊಟ್ಟು ಮಲಗಿಸಿ ಕೊರಳನ್ನು ನೋಡಿದಳು. ಕೂದಲಿನ ಕೆಳಗೆ ಕಬ್ಬಿಣದ ತಂತಿಯೊಂದು ಸುತ್ತಲೂ ಮಾಂಸದೊಳಗೆ ಇಳಿದುಹೋಗಿತ್ತು. ಅದರ ಮೇಲೆ ಚರ್ಮ ಬೆಳೆಯಲು ಹವಣಿಸಿ, ಕೊಳೆತು, ಕೀವಾಗಿತ್ತು. ಇಕ್ಕಳದಿಂದ ತುಂಡರಿಸಿ ಎಳೆದಾಗ ತಂತಿಯೊಡನೆ ಹಸಿಮಾಂಸವೂ ಬಂದಿತು. ಹಿಂಗಾಲಿನ ಬೆರಳುಗಳು ಸುತ್ತಿಗೆಯ ಪೆಟ್ಟಿಗೆ ಜಜ್ಜಿದ್ದವು.

"ಇದು ಬೀದಿ ಜಗಳ ಅಲ್ಲ ಅಕ್ಕಾ" ಎಂದಳು ಪಶುವೈದ್ಯೆ.

ದೊಡ್ಡಿಯಕ್ಕ ಆ ತಂತಿಯನ್ನು ತಟ್ಟೆಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು.

ಮನುಷ್ಯರನ್ನು ಕಚ್ಚಿದ ನಾಯಿಯನ್ನು ಹುಚ್ಚು ಹಿಡಿದಿದೆಯೇ ಎಂದು ಹತ್ತು ದಿನ ಕಾದು ನೋಡಬೇಕು. ಅದುವರೆಗೆ ಯಾರೂ ಕೇಳುವಂತಿಲ್ಲ. ಆ ಹತ್ತು ದಿನ ಅವಳೇ ಅನ್ನ ಕಲಸಿ ಗೂಡಿನೊಳಗೆ ತಳ್ಳಿದಳು. ನಾಯಿ ಅವಳಿರುವಾಗ ತಿನ್ನುತ್ತಿರಲಿಲ್ಲ. ಹನ್ನೊಂದನೆಯ ಬೆಳಗ್ಗೆ ಗುಜರಿಯವನು ಸಾಹೇಬರ ಚೀಟಿಯೊಂದಿಗೆ ಬಂದನು. ಒಂದು ಕೈಗೆ ಬ್ಯಾಂಡೇಜು, ಮತ್ತೊಂದರಲ್ಲಿ ಮೊಳದುದ್ದದ ಕಬ್ಬಿಣದ ಸಲಾಕೆ. ಬೆನ್ನ ಹಿಂದೆ ಅವನ ಅಂಗಡಿಯ ನಾಲ್ಕಾರು ಜನ.

"ತೆಗಿ ಅಕ್ಕಾ ಗೂಡು. ಮನೆವರೆಗೂ ಕರ್ಕೊಂಡು ಹೋಗೋ ಕಷ್ಟಾನೂ ಬೇಡ, ಇಲ್ಲೇ ಮುಗಿಸ್ತೀನಿ."

"ಕೊಡಲ್ಲ."

"ಕೊಡಲ್ವಾ? ನಿನ್ನ ಪುಸ್ತಕದಲ್ಲಿ ನಿನ್ನ ಕೈಯಲ್ಲೇ ಬರೆದಿದ್ದೀಯ, ಇವನೇ ಒಡೆಯ ಅಂತ. ಸಾಹೇಬರು ಅದನ್ನೇ ನೋಡಿ ಚೀಟಿ ಕೊಟ್ಟಿದ್ದು. ಈಗ ನಿನ್ನ ಬರಹಕ್ಕೆ ನೀನೇ ಉಗೀತೀಯಾ?"

ಅವಳ ಕಣ್ಣು ಮೇಜಿನ ಮೇಲಿದ್ದ ಪುಸ್ತಕದತ್ತ ಹೋಯಿತು. ಆ ಬರಹ ಸುಳ್ಳೆಂದರೆ ಹದಿನೆಂಟು ವರ್ಷಗಳ ಬರಹವೆಲ್ಲ ಏನಾಗಬೇಕು?

ಅವನು ಅದನ್ನು ಕಂಡುಕೊಂಡು ಹಲ್ಲು ಕಿರಿದನು. "ಬೇಕಾದ್ರೆ ಇನ್ನೊಂದ್ಸಲ ಕೂಗ್ತೀನಿ. ಎಲ್ರೂ ಇದಾರೆ, ಕೇಳಿಸ್ಕೊಳ್ಳಲಿ. ಬಂದ್ರೆ ನಂದು, ಬರ್ದಿದ್ರೆ ನಿಂದು. ಸರೀನಾ?"

ಅದು ಅವಳದೇ ಶಾಸನ. ಬೇಡವೆನ್ನಲು ದಾರಿಯಿರಲಿಲ್ಲ. ಮೈದುನನು ಹೊಲಿಗೆ ಬಿದ್ದ ಕಾಲನ್ನು ಚಾಚಿಕೊಂಡು ಕಚೇರಿಯ ಬೆಂಚಿನ ಮೇಲೆ ಕುಳಿತಿದ್ದನು, ಏಳಲಾರನು. ಹೀಗಾಗಿ ಹದಿನೆಂಟು ವರ್ಷಗಳಲ್ಲಿ ಮೊದಲ ಬಾರಿಗೆ ಕೂಗಿನ ಹೊತ್ತಿನಲ್ಲಿ ದೊಡ್ಡಿಯಕ್ಕ ತಾನೇ ಗೋಡೆಯಾಚೆ ಹೋಗಿ, ಬಾಗಿಲೆಳೆದುಕೊಂಡು, ಗೂಡನ್ನು ತೆರೆದಳು. ನಾಯಿ ಮೂಲೆಯಲ್ಲಿ ಸುರುಳಿಯಾಗಿತ್ತು.

ಗೋಡೆಯಾಚೆಯಿಂದ ಮೊದಲ ಕೂಗು ಬಂದಿತು.

ನಾಯಿಯ ಮೈಯೆಲ್ಲ ಒಮ್ಮೆಲೇ ನಡುಗಿತು. ಬಾಲ ಹೊಟ್ಟೆಯ ಕೆಳಗೆ ಸೇರಿತು. ಕಿವಿಗಳು ತಲೆಗೆ ಅಂಟಿದವು. ಅದು ಏಳಲಿಲ್ಲ, ಓಡಲೂ ಇಲ್ಲ. ಹೊಟ್ಟೆಯನ್ನು ನೆಲಕ್ಕೊತ್ತಿ, ಜಜ್ಜಿದ ಕಾಲನ್ನು ಎಳೆದುಕೊಂಡು, ಗೂಡಿನಿಂದ ಹೊರಗೆ ತೆವಳಿತು. ಎರಡನೆಯ ಕೂಗಿಗೆ ಅದರ ಹಿಂದೆ ನೆಲದ ಮೇಲೆ ಉಚ್ಚೆಯ ಗೆರೆ ಹರಿಯಿತು. ಬಾಗಿಲಿನ ಬಳಿ ಬಂದು, ಕೊರಳನ್ನು ಪಕ್ಕಕ್ಕೆ ತಿರುಗಿಸಿ, ಪೆಟ್ಟು ಎಲ್ಲಿ ಬೀಳಬೇಕೋ ಆ ಜಾಗವನ್ನು ತಾನೇ ಒಡ್ಡಿಕೊಂಡು, ಕಣ್ಣು ಮುಚ್ಚಿಕೊಂಡು ಮಲಗಿತು. ಯಮನ ಕರೆಗೆ ಓಗೊಡುವ ಜೀವವೂ ಅಷ್ಟು ವಿಧೇಯವಾಗಿ ಹೋಗಲಾರದು. ಇದನ್ನೇ ತಾನು ಇಷ್ಟು ವರ್ಷ ಪ್ರೀತಿಯೆಂದು ಬರೆದೆನೆಂಬುದು ಅವಳ ಎದೆಯನ್ನು ಹಾರೆಯಂತೆ ಹೊಕ್ಕಿತು.

ಮೂರನೆಯ ಕೂಗೂ ಆಯಿತು. "ಏನಕ್ಕಾ, ಬಂತಾ?"

"ಬರಲಿಲ್ಲ" ಎಂದಳು ದೊಡ್ಡಿಯಕ್ಕ. ಆ ಬಾಗಿಲಿನ ಬಳಿ ಆಕೆ ಆಡಿದ ಮೊದಲ ಸುಳ್ಳು ಅದು.

ಮರುಕ್ಷಣವೇ ಬಾಗಿಲು ಒದೆಗೆ ತೆರೆದು ಅವಳ ಭುಜಕ್ಕೆ ಬಡಿಯಿತು. ಹೊಸ್ತಿಲಿನ ಪಕ್ಕದಲ್ಲಿಯೇ ಮಲಗಿದ್ದ ನಾಯಿಯನ್ನು ಅವನು ಕಂಡನು.

"ಕಳ್ಳಿ! ಕಾಲಬುಡಕ್ಕೇ ಬಂದಿದೆ, ಬರಲಿಲ್ಲ ಅಂತೀಯಾ?"

ಸಲಾಕೆ ಬೀಸಿ ಬಂದಿತು. ನಾಯಿ ತಪ್ಪಿಸಿಕೊಳ್ಳಲಿಲ್ಲ. ಮೊದಲ ಪೆಟ್ಟಿಗೆ ಅದರ ಕಣ್ಣು ಕಿತ್ತುಬಂದಿತು; ಎರಡನೆಯದಕ್ಕೆ ದವಡೆ ಮುರಿದ ಸದ್ದು ಒಣಗಿದ ಸೌದೆಯನ್ನು ಸೀಳಿದಂತೆ ಕೇಳಿಸಿತು. ದೊಡ್ಡಿಯಕ್ಕ ಅಡ್ಡ ಬಿದ್ದಳು. ಮೂರನೆಯದು ಅವಳ ಬೆನ್ನಿನ ಮೇಲೆ ಬಿದ್ದು ಉಸಿರು ನಿಂತಿತು. ಅವನು ಅವಳ ಕೂದಲನ್ನು ಹಿಡಿದೆತ್ತಿ ಗೋಡೆಗೆ ಎಸೆದನು. ಅವನ ಕಡೆಯವರು ಬಾಗಿಲಿನಲ್ಲಿ ಗುಂಪಾಗಿ ನಿಂತಿದ್ದರೇ ಹೊರತು ಒಬ್ಬರೂ ಒಳಗೆ ಬರಲಿಲ್ಲ. "ಬಿಡಣ್ಣ, ಹೆಂಗಸು" ಎಂದು ಒಬ್ಬ ಹೇಳಿದನು, ಅಷ್ಟೇ.

ಅವನು ಮತ್ತೆ ನಾಯಿಯತ್ತ ಬಗ್ಗಿದಾಗ ಅವಳ ಕೈಗೆ ಗೋಡೆಗೊರಗಿಸಿದ್ದ ಕುಣಿಕೆಕೋಲು ಸಿಕ್ಕಿತು. ಕೈ ಯೋಚಿಸಲಿಲ್ಲ, ಹದಿನೆಂಟು ವರ್ಷ ಮಾಡಿದ್ದನ್ನೇ ಮಾಡಿತು. ಉಂಗುರವನ್ನು ಹಿಂದಿನಿಂದ ಅವನ ತಲೆಯ ಮೇಲೆ ಇಳಿಸಿ, ಹಗ್ಗವನ್ನು ಜಗ್ಗಿ, ಕೋಲನ್ನು ಮುಂದಕ್ಕೆ ಒತ್ತಿ ನೆಲಕ್ಕೆ ಕೆಡವಿದಳು. ಅವನು ಹೊರಳಿದನು, ಒದ್ದನು, ಸಲಾಕೆಯನ್ನು ಬೀಸಿದನು; ಕೋಲಿನ ಉದ್ದವನ್ನು ಯಾವ ಪೆಟ್ಟೂ ದಾಟಲಿಲ್ಲ. ಬೆರಳುಗಳು ಕೊರಳಿನ ಉಕ್ಕನ್ನು ಕೆರೆದವು. ಮುಖ ಕೆಂಪಾಯಿತು, ನೇರಳೆಯಾಯಿತು. ನಾಲಿಗೆ ಹಲ್ಲಿನ ಹೊರಗೆ ಬಂದಿತು. ಅವಳು ಒಂದು ಸುತ್ತು ಮತ್ತೂ ಬಿಗಿದಳು. ಆ ಗಳಿಗೆಯಲ್ಲಿ ಅವಳಲ್ಲಿ ದಯೆಯೆಂಬುದು ಲವಲೇಶವೂ ಇರಲಿಲ್ಲ; ಇರಲಿಲ್ಲವೆಂಬುದು ಅವಳಿಗೂ ತಿಳಿದಿತ್ತು.

ಮೈದುನನು ಬೆಂಚನ್ನು ಎಳೆದುಕೊಂಡೇ ಕುಂಟುತ್ತ ಬಂದನು. "ಅತ್ತಿಗೆ! ಸತ್ತುಹೋಗ್ತಾನೆ! ಬಿಡಿ ಅತ್ತಿಗೆ, ನಿಮ್ಮ ಕಾಲಿಗೆ ಬೀಳ್ತೀನಿ!"

"ಸಾಯಲ್ಲ ಕಣೋ. ಸಾಯೋಕೆ ಇನ್ನೂ ಎಷ್ಟು ಹೊತ್ತು ಬೇಕು ಅಂತ ನಂಗೊತ್ತು."

ಅವನ ಕಾಲು ಒದೆಯುವುದನ್ನು ನಿಲ್ಲಿಸಿ ಸೆಟೆದ ಕ್ಷಣದಲ್ಲಿ ಅವಳು ಹಗ್ಗವನ್ನು ಎರಡು ಬೆರಳಿನಷ್ಟು ಸಡಿಲಿಸಿದಳು. ಉಸಿರು ಕೊಯ್ದ ಶಬ್ದದೊಡನೆ ಒಳಗೆ ಹೋಯಿತು. ಪೊಲೀಸರು ಬರುವವರೆಗೂ ಅವಳು ಕೋಲನ್ನು ಕೈಬಿಡಲಿಲ್ಲ. ಅವನೂ ಮಿಸುಕಲಿಲ್ಲ, ಅವಳು ಕೆಮ್ಮಿದರೂ ಕಣ್ಣು ಮುಚ್ಚಿಕೊಳ್ಳುತ್ತಿದ್ದನು.

ನಾಯಿ ಬದುಕಿತು. ಆಸ್ಪತ್ರೆಯ ಮೇಜಿನ ಮೇಲೆ ಅದರ ದವಡೆಗೆ ತಂತಿ ಕಟ್ಟುತ್ತ ಪಶುವೈದ್ಯೆ ಹೇಳಿದಳು: "ಏಟು ತಿಂದ ನಾಯಿ ಕರೆದ್ರೆ ತೆವಳಿಕೊಂಡಾದ್ರೂ ಬರುತ್ತೆ ಅಕ್ಕಾ. ಬರ್ದಿದ್ರೆ ಇನ್ನೂ ಬೀಳುತ್ತೆ ಅಂತ ಗೊತ್ತಲ್ಲ ಅದಕ್ಕೆ. ಮುದ್ದಾಗಿ ಸಾಕಿದ್ದು ಒಂದು ಕಣ್ಣು ತೆಗೆದು ನೋಡಿ ಮತ್ತೆ ಮಲಗುತ್ತೆ. ನಮ್ಮನೇದು ಹಾಗೇ, ಮಹಾ ಸೋಮಾರಿ."

ದೊಡ್ಡಿಯಕ್ಕ ನಾಯಿಯ ತಲೆಯನ್ನು ಹಿಡಿದುಕೊಂಡಿದ್ದಳು. "ಬಾಲ ಮಾತ್ರ ಅಲ್ಲಾಡಿಸಿ ಮಲಗಿದ್ರೆ?"

"ಹಾಗೆ ಮಲಗೋಕೂ ಧೈರ್ಯ ಬೇಕಲ್ಲ" ಎಂದು ನಗುತ್ತ ಹೇಳಿದವಳು ಸೂಜಿಯನ್ನು ಅಲ್ಲಿಯೇ ನಿಲ್ಲಿಸಿದಳು. ಆ ಮೇಜಿನ ಮೇಲೆ ತಾನು ಶಾಶ್ವತವಾಗಿ ಮಲಗಿಸಿದ ನಾಯಿಗಳು ಅವಳಿಗೂ ನೆನಪಾಗಿದ್ದಿರಬೇಕು.

ಮಧ್ಯಾಹ್ನ ಸಾಹೇಬರು ಕರೆಸಿದರು. "ನೋಡಿ ಅಕ್ಕಾ, ಅವನೇ ನುಗ್ಗಿದ್ದು, ಅವನೇ ಮೊದ್ಲು ಹೊಡೆದಿದ್ದು. ಪೊಲೀಸರೂ ಒಪ್ಪಿದಾರೆ. ನಾಯಿ ಬರ್ಲಿಲ್ಲ, ಅವನಿಗೆ ಸಿಟ್ಟು ಬಂತು. ಇಷ್ಟು ಬರ್ಕೊಡಿ, ಸಾಕು."

"ನಾಯಿ ಬಂತು ಸಾರ್. ನಾನೇ ಸುಳ್ಳು ಹೇಳ್ದೆ."

"ಅದನ್ಯಾರು ಕೇಳಿದ್ರು ನಿಮ್ಮನ್ನ?"

"ಕೂಗೇ ಸುಳ್ಳು ಸಾರ್. ದನಕ್ಕೆ ಸರಿ. ನಾಯಿಗೆ ಹದಿನೆಂಟು ವರ್ಷದ್ದೂ ಸುಳ್ಳು. ಗೋಡೆ ಮೇಲಿನ ಆದೇಶ ತೆಗೆಸಿ."

ಸಾಹೇಬರು ಕನ್ನಡಕ ತೆಗೆದರು. "ತಲೆ ನೆಟ್ಟಗಿದೆಯೇನ್ರಿ? ಊರಲ್ಲಿ ನಾಯಿ ಕಳ್ಕೊಂಡವರೆಲ್ಲ ನನ್ನ ಬಾಗಿಲಿಗೆ ಬಂದು ನಿಲ್ತಾರೆ. ಹಾಗಂತ ಬರೆದ್ರೆ ವಿಚಾರಣೆ ಮುಗಿಯೋವರೆಗೂ ನೀವು ಮನೇಲಿರ್ಬೇಕಾಗುತ್ತೆ. ಆಮೇಲೂ ಕೆಲಸ ಇರುತ್ತೆ ಅಂತ ನಾನು ಹೇಳಲ್ಲ."

"ಮನೇಲಿರಲ್ಲ ಸಾರ್. ಹೋಗೋ ಕಡೆ ಬಹಳ ಇದೆ" ಎಂದು ಹೇಳಿ ಅವಳು ನಿಂತುಕೊಂಡೇ ಬರೆದುಕೊಟ್ಟಳು. ಬೆನ್ನು ಬಾತು ಕುಳಿತುಕೊಳ್ಳಲು ಆಗುತ್ತಿರಲಿಲ್ಲ.

ಪುಸ್ತಕಗಳನ್ನು ಹಿಂತಿರುಗಿಸುವ ಮುನ್ನ ಅವಳೂ ಮೈದುನನೂ ಸೇರಿ ಪಟ್ಟಿ ಮಾಡಿದರು. "ಬಂತು" ಎಂದು ಕೊಟ್ಟ ನಾಯಿಗಳು ಒಂದು ಕಡೆ. "ಬರಲಿಲ್ಲ" ಎಂದು ಕೊಡದೆ ಸೂಜಿಗೆ ಕಳುಹಿಸಿದವು ಇನ್ನೊಂದು ಕಡೆ.

"ಕೊಟ್ಟಿರೋದು ನಂಗಿರಲಿ ಅತ್ತಿಗೆ" ಎಂದನು ಮೈದುನ. "ಕೂಗಿ ಹೇಳಿದ್ದು ನಾನೇ ಅಲ್ವಾ? ಕುಂಟ್ಕೊಂಡಾದ್ರೂ ಒಂದೊಂದೇ ಮನೆ ನೋಡ್ಕೊಂಡು ಬರ್ತೀನಿ. ತಂತಿ ಕಂಡ್ರೆ ಬಿಚ್ಕೊಂಡೇ ಬರ್ತೀನಿ."

ಇನ್ನೊಂದು ಪಟ್ಟಿಯನ್ನು ಅವನು ಕೇಳಲಿಲ್ಲ. ಅದರಲ್ಲಿ ಇಪ್ಪತ್ತನಾಲ್ಕು ವಿಳಾಸಗಳಿದ್ದವು. ಅವಳು ಅದನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಮೊದಲನೆಯವನು ಇಸ್ತ್ರಿಯವನು. ಬೀದಿಯ ತಿರುವಿನಲ್ಲಿ ತಳ್ಳುಗಾಡಿಯ ಮೇಲೆ ಕೆಂಡದ ಇಸ್ತ್ರಿಪೆಟ್ಟಿಗೆಯಿಟ್ಟು ಬಟ್ಟೆ ತೀಡುವ ಮುದುಕ. ಹಿಂದಿನ ವರ್ಷ ಅವನು ಆಸ್ಪತ್ರೆಯಲ್ಲಿದ್ದಾಗ ಅವನ ಕರಿನಾಯಿ ಬೀದಿಗೆ ಬಂದು ಸಿಕ್ಕಿಬಿದ್ದಿತ್ತು. ಅವನು ಹೊಟ್ಟೆಯ ಹೊಲಿಗೆಯನ್ನು ಒತ್ತಿಹಿಡಿದುಕೊಂಡು ಬಂದು ಮೂರು ಸಲ ಕೂಗಿದ್ದನು. "ಬರಲಿಲ್ಲ, ಬಾಲ ಅಲ್ಲಾಡಿಸ್ತು ಅಷ್ಟೇ" ಎಂದಿದ್ದನು ಮೈದುನ.

ಅವಳು ತಳ್ಳುಗಾಡಿಯ ಮುಂದೆ ಬಿಸಿಲಿನಲ್ಲಿ ನಿಂತಳು. ಅವನು ಯಾರದೋ ಬಿಳಿ ಅಂಗಿಯನ್ನು ಹರವುತ್ತಿದ್ದನು; ತಲೆಯೆತ್ತಲಿಲ್ಲ.

"ಅಣ್ಣಾ, ಆ ನಾಯಿ ನಿಮ್ಮದೇ ಆಗಿತ್ತು."

"ಅದನ್ನ ನೀವು ನಂಗೆ ಹೇಳ್ಬೇಕಾ?"

"ತಪ್ಪು ನಂದು. ನಾನೇ..."

"ಅದು ಎದ್ದು ಬರೋ ನಾಯಿ ಅಲ್ಲ ತಾಯಿ. ನಾನು ಮನೆಗೆ ಹೋದ್ರೂ ಏಳ್ತಿರ್ಲಿಲ್ಲ. ನಾನೇ ಹೋಗಿ ಪಕ್ಕದಲ್ಲಿ ಕೂರ್ಬೇಕಿತ್ತು, ಮಹಾರಾಜ ಅದು. ಬಾಗ್ಲು ತೆಗೀರಿ, ನಾನೇ ಒಳಗೆ ಬರ್ತೀನಿ ಅಂತ ಹೇಳ್ದೆ. ಹೇಳಿದ್ನೋ ಇಲ್ವೋ?"

"ಹೇಳಿದ್ರಿ."

ಇಸ್ತ್ರಿಪೆಟ್ಟಿಗೆ ಅಂಗಿಯ ಮೇಲೆಯೇ ನಿಂತಿತು. "ಸಾಯೋವಾಗ ಯಾರಿದ್ರು ಹತ್ರ?"

"ನಾನಿದ್ದೆ. ತಲೆ ಹಿಡ್ಕೊಂಡಿದ್ದೆ."

"ಬಾಲ?"

ಅವಳಿಗೆ ಇಲ್ಲವೆನ್ನಬೇಕೆನ್ನಿಸಿತು. "ಅಲ್ಲಾಡಿಸ್ತು" ಎಂದಳು.

ಅವನು ನೀರು ಚಿಮುಕಿಸಲು ಇಟ್ಟುಕೊಂಡಿದ್ದ ಒದ್ದೆ ಬಟ್ಟೆಯನ್ನು ಎತ್ತಿ ಅವಳ ಮುಖಕ್ಕೆ ಬೀಸಿ ಹೊಡೆದನು. ಮತ್ತೊಮ್ಮೆ ಹೊಡೆದನು. ತುಟಿ ಒಡೆಯಿತು. ಮೂರನೆಯ ಸಲ ಎತ್ತಿದ ಕೈ ಗಾಳಿಯಲ್ಲಿಯೇ ನಿಂತು ಗಾಡಿಯ ಹಲಗೆಯ ಮೇಲೆ ಬಿದ್ದಿತು. ಹಾದುಹೋಗುತ್ತಿದ್ದವರು ನಿಂತು ನೋಡಿದರು. ಅಂಗಿಯಿಂದ ಹೊಗೆಯೇಳುತ್ತಿತ್ತು. ದೊಡ್ಡಿಯಕ್ಕ ಕೈಚಾಚಿ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ಕಲ್ಲಿನ ಮೇಲಿಟ್ಟಳು. ಬಿಳಿ ಬೆನ್ನಿನ ನಡುವೆ ದೋಣಿಯಾಕಾರದ ಕಪ್ಪು ಕಲೆ.

ಮುದುಕನು ಅದನ್ನು ನೋಡಿದನು, ಅವಳ ತುಟಿಯನ್ನು ನೋಡಿದನು, ಸೊಂಟದಲ್ಲಿದ್ದ ಕಾಗದವನ್ನು ನೋಡಿದನು.

"ಇನ್ನೂ ಎಷ್ಟು ಮನೆಗೆ ಹೋಗ್ಬೇಕು?"

"ಇಪ್ಪತ್ಮೂರು."

ಅವನು ಸುಟ್ಟ ಅಂಗಿಯನ್ನು ಮುದುಡಿ ಬದಿಗೆ ಹಾಕಿ, ಕೊಡದಿಂದ ಒಂದು ಲೋಟ ನೀರು ಬಗ್ಗಿಸಿ ಹಲಗೆಯ ತುದಿಗೆ ಸರಿಸಿದನು. ಅವಳ ಕೈಗೆ ಕೊಡಲಿಲ್ಲ.

"ಬಾಯಿ ತೊಳ್ಕೊಂಡು ಹೊರಡಿ. ಎಲ್ರೂ ಬಟ್ಟೇಲಿ ಹೊಡೆಯಲ್ಲ."